ಮೈನಸ್ ಏಳು

ಶಿಮಾನ್‌ಸ್ಕಿ ಡಾಕ್ಟರು ನನ್ನ ಗಲ್ಲವನ್ನು ಯಂತ್ರದ ಬಟ್ಟಲಿಗೆ ಒತ್ತಿಸಿ
ಕಣ್ಣಿನ ನಕ್ಷೆ ತೆಗೆದರು:
ಸುತ್ತ ಹಸಿರು, ನಡುವೆ ಕಿತ್ತಳೆ ಬಣ್ಣದ ದಿಣ್ಣೆ.
"ಕಾರ್ನಿಯಾ ದಪ್ಪಗಿದೆ, ಪಾನಿ ಗ್ರಾಜಿನಾ,
ಕೆರೆದರೂ ಬೇಕಾದಷ್ಟು ಉಳಿಯುತ್ತದೆ"
ಎಂದರು, ಗೋಡೆಗೆ ಸುಣ್ಣ ಬಳಿಯುವವರ ಧಾಟಿಯಲ್ಲಿ.
ಒಂದೊಂದು ಕಣ್ಣಿಗೆ ಇಪ್ಪತ್ತು ಸೆಕೆಂಡು.
ಸುಟ್ಟ ಕೂದಲಿನ ವಾಸನೆ ಬರಬಹುದು, ಹೆದರಬೇಡಿ.

ವಾಸನೆಗೆ ಹೆದರುವವಳೇ ನಾನು?
ಇಪ್ಪತ್ತೇಳು ವರ್ಷದಿಂದ ಮಾರಿಯಾಟ್ಸ್ಕಾ ಬೀದಿಯ ನೆಲಮಾಳಿಗೆಯಲ್ಲಿ
ಅಂಬರ್ ಉಜ್ಜುತ್ತಿದ್ದೇನೆ.
ಉಜ್ಜಿದಾಗಲೆಲ್ಲ, ಈಗ ಎಲ್ಲೂ ಇಲ್ಲದ ಒಂದು ಕಾಡು
ಬಿಸಿಯಾಗಿ ಮೂಗಿಗೆ ಬಡಿಯುತ್ತದೆ.

ಕೆಲಸ ಕಲಿಸಿದ ಮುದುಕ ಎದ್ಮುಂಡ್
ಮೊದಲ ದಿನವೇ ನನ್ನ ಕನ್ನಡಕ ಕಿತ್ತು ಮೇಜಿನ ಮೇಲಿಟ್ಟಿದ್ದ:
"ಹುಡುಗೀ, ನಿನಗೆ ಭೂತಗನ್ನಡಿ ಪುಕ್ಕಟೆ ಸಿಕ್ಕಿದೆ,
ಅದರ ಮೇಲೆ ಮತ್ತೆ ಗಾಜು ಯಾಕೆ?"
ನಿಜ. ಮೂಗಿನ ತುದಿಗೆ ಹಿಡಿದರೆ ಸಾಕು,
ರಾಳದಲ್ಲಿ ಸಿಕ್ಕ ಗುಂಗಾಡು ನೊಣ,
ಅದರ ಕಾಲು, ಕಾಲಿನ ಮೇಲಿನ ರೋಮ,
ಸಾಯುವಾಗ ಬಿಟ್ಟ ಒಂದೇ ಒಂದು ಗುಳ್ಳೆ.
ಅಂಗೈಯಲ್ಲಿ ಇರುವುದಕ್ಕೆ ಕನ್ನಡಿಯಲ್ಲ,
ಕನ್ನಡಕವೂ ಬೇಡ ನನಗೆ.
ಒಂದು ಗೇಣಿನ ಒಳಗೆ
ನನ್ನಷ್ಟು ಶ್ರೀಮಂತಳು ಈ ಊರಲ್ಲಿಲ್ಲ.

ಗೇಣು ದಾಟಿದರೆ ಕಂಗಾಲು.
ಗಡಿಯಾರ ಗೋಡೆಗಂಟಿದ ರೊಟ್ಟಿ.
ಬೆಳಿಗ್ಗೆ ಎದ್ದು ಕನ್ನಡಕ ಹುಡುಕಲು
ಕನ್ನಡಕ ಬೇಕು.
ವಿಟೋಲ್ಡ್ ಅದರ ಮೇಲೆ ಎರಡು ಸಲ ಕೂತಿದ್ದಾನೆ,
ಎರಡು ಸಲವೂ ನನ್ನದೇ ತಪ್ಪು ಎಂದಿದ್ದಾನೆ.

ಅದೆಲ್ಲ ಇರಲಿ.
ಕಿಂಗಾಗೆ ಆಗ ನಾಲ್ಕು. ಜುಲೈ, ಸ್ತೋಗಿ ದಂಡೆ.
ಅವಳನ್ನು ಮರಳಲ್ಲಿ ಕೂರಿಸಿ
ಕನ್ನಡಕ ಚಪ್ಪಲಿಯೊಳಗಿಟ್ಟು ನೀರಿಗಿಳಿದೆ,
ಮೊಣಕಾಲವರೆಗೆ, ಅಷ್ಟೇ.
ತಿರುಗಿದರೆ ದಂಡೆಯೇ ಇಲ್ಲ.
ಒದ್ದೆ ಬ್ರಷ್ಷು ಕೊಡವಿದ ಹಾಗೆ
ಕೆಂಪು ಹನಿ, ನೀಲಿ ಹನಿ, ಕಿರುಚುವ ಹನಿ, ಓಡುವ ಹನಿ.
ಇದರಲ್ಲಿ ನಾನು ಹೆತ್ತದ್ದು ಯಾವುದು?
ಕೂಗಿದೆ. ಯಾರ್‍ಯಾರದೋ ಮಕ್ಕಳ ಮುಖಕ್ಕೆ
ನನ್ನ ಮುಖ ಒಡ್ಡಿ ಹೆದರಿಸಿದೆ.
ಕಾಲು ಗಂಟೆಯ ಮೇಲೆ ಒಬ್ಬಾಕೆ ಅವಳನ್ನು ನನ್ನ ಕೈಗಿತ್ತಳು.
ಮಗು ಅಳುತ್ತಿರಲಿಲ್ಲ.
"ನಾನು ಇಲ್ಲೇ ಇದ್ದೆ.
ನೀನು ನನ್ನನ್ನೇ ನೋಡಿ ಮುಂದೆ ಹೋದೆ" ಎಂದಳು.

ಈಗ ಅವಳಿಗೆ ಹತ್ತೊಂಬತ್ತು. ನೆನಪೇ ಇಲ್ಲವಂತೆ.
ನನಗಿನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ
ಅಂದು ಕಣ್ಣಿಗೆ ಕಾಣದ್ದೆಲ್ಲ.

"ನಲವತ್ತಾರು ವಯಸ್ಸು," ಡಾಕ್ಟರು ಪೆನ್ನು ತಿರುಗಿಸಿದರು,
"ದೂರದ್ದು ಕೊಡುತ್ತೇನೆ, ಹತ್ತಿರದ್ದು ಹೋಗುತ್ತದೆ.
ಬೇಕಾದರೆ ಒಂದು ಕಣ್ಣು ಪೂರ್ತಿ ದೂರಕ್ಕೆ,
ಇನ್ನೊಂದನ್ನು ಮೈನಸ್ ಎರಡಕ್ಕೆ ನಿಲ್ಲಿಸೋಣ."
ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದಕ್ಕೆ ಸುಣ್ಣ.
"ಎರಡರಲ್ಲಿ ನೊಣದ ರೋಮ ಕಾಣುತ್ತದೆಯೇ?" ಎಂದೆ.
ಅವರಿಗೆ ಪ್ರಶ್ನೆ ಅರ್ಥವಾಗಲಿಲ್ಲ.
"ಪತ್ರಿಕೆ ಓದಬಹುದು" ಎಂದರು.

ಹೊರಗೆ ಬಂದಾಗ ಕತ್ತಲಾಗಿತ್ತು.
ಸೇತುವೆಯ ಮೇಲೆ ನಿಂತು ಕನ್ನಡಕ ತೆಗೆದೆ.
ಮೊತ್ವಾವಾ ನದಿಯ ದೀಪಗಳು
ಒಂದೊಂದೂ ತಟ್ಟೆಯಗಲದ ಸೇವಂತಿಗೆ.
ಇಷ್ಟು ವರ್ಷದಲ್ಲಿ ಇದನ್ನು ಯಾರಿಗೂ ಹೇಳಿಲ್ಲ,
ಹೇಳಿದರೆ ಅದೂ ಒಂದು ರೋಗವಾಗುತ್ತದೆ.
ಹಾಕಿದೆ. ಅಂಬರದ ತುಂಬ ಮೊಳೆ ಹೊಡೆದಂತೆ ನಕ್ಷತ್ರ.
ಅದೂ ಚೆನ್ನಾಗಿಯೇ ಇತ್ತು, ಹಾಳಾದ್ದು.

ಒಪ್ಪಿಗೆ ಪತ್ರ ನಾಲ್ಕು ದಿನದಿಂದ ಮೇಜಿನ ಮೇಲಿದೆ,
ಹಾರದಿರಲೆಂದು ಮೇಲೊಂದು ಅಂಬರ್ ತುಂಡು,
ಅದರೊಳಗೆ ಹೆಸರಿಲ್ಲದ ಯಾವುದೋ ರೆಕ್ಕೆ.
ಸಣ್ಣಕ್ಷರದ ಇಪ್ಪತ್ತೊಂದು ಷರತ್ತು.
ಎಲ್ಲ ಓದಿದೆ, ಮೂಗು ತಾಗಿಸಿ,
ಬರಿಗಣ್ಣಿನಲ್ಲಿ.
ಕೆಳಗೆ ದಿನಾಂಕದ ಚೌಕದಲ್ಲಿ
ಗುರುವಾರ ಎಂದು ಬರೆದಿದ್ದೇನೆ,
ಪೆನ್ಸಿಲಿನಲ್ಲಿ.