ಗುಟುಕು

ಕೆಲಸಕ್ಕೆ ಸೇರಿ ಇಪ್ಪತ್ತಮೂರು ದಿನ.
ಕೊರಳ ಪಟ್ಟಿಯ ಗುರುತುಚೀಟಿಯಲ್ಲಿ
ಕೆಜಾಯಾ ಮಕ್ಲೌಡ್, ವಾಕ್‌ಚಿಕಿತ್ಸಕಿ ಎಂದಿದೆ.
ಅದನ್ನವಳು ಆಗಾಗ ತಿರುಗಿಸಿಡುತ್ತಾಳೆ,
ಹೆಸರು ಎದೆಗೆ, ಖಾಲಿ ಬೆನ್ನು ಲೋಕಕ್ಕೆ.

ಇನ್ವರ್‌ಕಾರ್ಗಿಲ್‌ಗೆ ಗಾಳಿ ತೆಂಕಲಿಂದ ಬರುತ್ತದೆ;
ಅತ್ತ ಒಂದು ದ್ವೀಪ, ಆಮೇಲೆ ಬರೀ ಮಂಜುಗಡ್ಡೆ.

ಏಳನೇ ಹಾಸಿಗೆಯಲ್ಲಿ ಹೊವಾನಿ ಪರಾವೊನೆ,
ನಲವತ್ತು ವರ್ಷ ಸಿಂಪಿಯ ದೋಣಿಯಲ್ಲಿ ನಿಂತವನು.
ಪಾರ್ಶ್ವವಾಯು ಬಡಿದು ಬಲಗೈ ನೆನೆದ ಹಗ್ಗ,
ಕುಡಿದ ನೀರು ದಾರಿ ತಪ್ಪಿ ಶ್ವಾಸಕೋಶಕ್ಕೆ.
ಇವಳು ಅವನ ಕುತ್ತಿಗೆಗೆ ಸ್ಟೆತಸ್ಕೋಪ್ ಒತ್ತಿ
ಒಂದೊಂದು ಗುಟುಕನ್ನೂ ಆಲಿಸಿ
ಬರೆದಳು: ತೆಳು ದ್ರವ ಬೇಡ. ಮಂದ ಮಾಡಿದ್ದು ಮಾತ್ರ.
ಸರಿಯಾಗಿಯೇ ಬರೆದಳು.

ಅವನು ಎಡಗೈಯಲ್ಲಿ ಕಪ್ಪು ತಳ್ಳಿದ.
"ಗೋಂದು," ಅಂದ.
ಮೂರು ವಾರದಲ್ಲಿ ಅವನ ಮೊದಲ ಸ್ಪಷ್ಟ ಪದ.

ಮಂಗಳವಾರ ಮೂರಕ್ಕೆ ನಮ್ಮಿಬ್ಬರ ಗಂಟೆ.
ಹೇಗಿದ್ದೀಯ ಅಂದೆ. ಚೆನ್ನಾಗಿದ್ದೇನೆ ಅಂದಳು.
ಬಾಯಲ್ಲಿ ಬಿಸಿತುಪ್ಪ ಇದ್ದವರು ಹಾಗೇ ಅನ್ನುತ್ತಾರೆ.

ಸಾಮರ್ಥ್ಯಕ್ಕೆ ಗುರುತು ಹಾಕುವ ಹಾಳೆ ಬೀರುವಿನಲ್ಲೇ ಇರಲಿ ಎಂದು
ಎರಡು ಕಪ್ ಚಹಾ ಮಾಡಿ
ಅದೇ ಪುಡಿಯನ್ನು ಎರಡಕ್ಕೂ ಹಾಕಿ ಕದಡಿದೆ.
ಕುಡಿದೆವು. ಕುಡಿದೆವು ಅಂದರೆ ತಪ್ಪು,
ನಾಲಗೆಯಿಂದ ನೂಕಿ ನೂಕಿ ಇಳಿಸಿದೆವು.
ಗೋಂದೇ, ಅಂದೆ.
ನಕ್ಕಳು. ನಗುವಿನ ತುದಿ ಒಡೆಯಿತು:
"ಮುದುಕನ ಚಹಾ ಕಿತ್ತುಕೊಂಡೆ.
ರಾತ್ರಿ ಕಾರಿನಲ್ಲಿ ಕೀಲಿ ತಿರುಗಿಸದೆ ಕೂತಿದ್ದೆ.
ನನ್ನದು ತಪ್ಪಾಗಿದ್ದರೆ, ಅಂತ.
ಸರಿಯಾಗಿದ್ದರೆ, ಅಂತಲೂ."

ನನ್ನ ಮೊದಲ ಕೆಲಸ ಗೋರ್‌ನಲ್ಲಿ.
ಇಡೀ ವಿಭಾಗವೆಂದರೆ ನಾನೊಬ್ಬಳೇ.
ಒಗೆದ ಚಾದರಗಳ ಕೋಣೆಯಲ್ಲಿ ನಿಂತು ಅಳುತ್ತಿದ್ದೆ;
ಅಲ್ಲಿ ಬೆಚ್ಚಗಿತ್ತು,
ಯಾರಿಗೂ ಕೇಳುತ್ತಿರಲಿಲ್ಲ.
ಯಾರೂ ಕೇಳುತ್ತಿರಲಿಲ್ಲ.
ಇಷ್ಟನ್ನೇ ಹೇಳಿದೆ. ಕಪ್ಪು ತೊಳೆದಿಟ್ಟೆವು.

ಮುಂದಿನ ಮಂಗಳವಾರ ಮೂರೂಕಾಲಾದರೂ ಅವಳಿಲ್ಲ.
ವಾರ್ಡಿಗೆ ಹೋದೆ.
ಪರದೆಯ ಸಂದಿಯಲ್ಲಿ ಕಂಡೆ:
ಅವನನ್ನು ನೆಟ್ಟಗೆ ಕೂರಿಸಿದ್ದಾಳೆ,
ಪಕ್ಕದಲ್ಲಿ ಬೆಳಿಗ್ಗೆಯ ಎಕ್ಸ್‌ರೇ ವರದಿ,
ಗದ್ದ ಎದೆಯತ್ತ ಬಾಗಿಸಿ, ಅರ್ಧ ಚಮಚ
ನಿಜವಾದ ಚಹಾ.
ನನ್ನನ್ನು ಕೇಳಿರಲಿಲ್ಲ.
ಗುರುತುಚೀಟಿ ಯಾವ ಕಡೆಗೆ ತಿರುಗಿತ್ತೋ, ಅಲ್ಲಿಂದ ಕಾಣಲಿಲ್ಲ.

ಒಂದು. ಕಾದಳು. ಎರಡು.
ಚಮಚ ಇನ್ನೂ ತುಸು ಎಡಕ್ಕೆ, ಎನ್ನಲು
ಗುಟುಕು ಹಿಡಿದ ಹಕ್ಕಿಯ ಕೊಕ್ಕಿನಂತೆ
ನನ್ನ ಬಾಯಿ ತೆರೆದುಕೊಂಡಿತು.

ಅವನ ಗಂಟಲಮಣಿ ಏರಿತು, ಇಳಿಯಿತು.
ಕೆಮ್ಮಲಿಲ್ಲ.

ನಾನೂ ನುಂಗಿದೆ.