ಕೋಡ್ ತೊಂಬತ್ತೆರಡು

ಅಲೀಗಢದ ಈ ಗಲ್ಲಿಯಲ್ಲಿ
ಒಂದು ಬೀಗ ಬೀಗವಾಗುವ ಮೊದಲು
ಹನ್ನೊಂದು ಹೊಸ್ತಿಲು ದಾಟುತ್ತದೆ.
ಮೈ ಒಂದು ಮನೆಯಲ್ಲಿ, ಕೊಂಡಿ ಎದುರು ಮನೆಯಲ್ಲಿ,
ಸ್ಪ್ರಿಂಗು ಮೂಲೆಯ ಕಮಾನಿನ ಕೆಳಗೆ.
ಕೀಲಿಯ ಹಲ್ಲಿಗೆ ಅರ ತಿಕ್ಕುವವನು
ಬೇರೆ ಮೊಹಲ್ಲಾದವನು, ತಾನು ಮಾಡಿದ ಕೀಲಿ
ತಿರುಗಿದ್ದನ್ನು ಅವನು ಕಂಡೇ ಇಲ್ಲ.

ನಾನು ಲಖನೌದಿಂದ ಬಂದವಳು.
ಅಂಕಿಅಂಶ ಇಲಾಖೆ. ಕೈಯಲ್ಲಿ ಟ್ಯಾಬ್ಲೆಟ್ಟು,
ಕೊರಳಲ್ಲಿ ಅಕ್ಕನ ಹಾಗೆ ಕಾಣುವ ನನ್ನದೇ ಫೋಟೋ.
ನನ್ನ ಪಾಲಿಗೆ ಎಂಟು ಮನೆ.
ಈ ಎಂಟನ್ನು ಮೇಲಿನವರು ಎಂಟು ಸಾವಿರ ಮಾಡಿ
ಇಪ್ಪತ್ತಮೂರು ಕೋಟಿ ಜನರ ರಾಜ್ಯಕ್ಕೆ
ಸರಾಸರಿಯ ಒಂದು ಅಂಗಿ ಹೊಲಿಯುತ್ತಾರೆ.
ಪಶ್ಚಿಮದ ಕಬ್ಬು ತಿಂದ ತೋಳಿಗೆ ಅದು ಬಿಗಿ,
ಬುಂದೇಲಖಂಡದ ಬೆನ್ನಿಗೆ ದೊಗಳೆ,
ನೋಯ್ಡಾದ ಗಾಜಿನ ಕೊರಳಿಗೆ ಗುಂಡಿಯೇ ಕೂರುವುದಿಲ್ಲ.
ಪೂರ್ವಾಂಚಲಕ್ಕೆ
ಜೇಬು ಇಡುವುದು ಮರೆತೇಹೋಗಿದೆ.

ಪಕ್ಕದ ಶೆಡ್ಡಿನಲ್ಲಿ ಪಾಲಿಷ್ ಚಕ್ರದೆದುರು ರಾಮಧನಿ,
ಗಾಜೀಪುರದವನು. ಹುಬ್ಬು, ಮೂಗು, ಹಲ್ಲು ಎಲ್ಲ ಕಪ್ಪು,
ಕೈಯಲ್ಲಿನ ಬೀಗ ಮಾತ್ರ ಕನ್ನಡಿ.
ತಿಂಗಳಿಗೆ ನಾಲ್ಕು ಸಾವಿರ ಊರಿಗೆ ಕಳಿಸುತ್ತಾನೆ.
ಅವನ ಬೆವರು ಈ ಜಿಲ್ಲೆಯ ಲೆಕ್ಕಕ್ಕೆ,
ಆ ದುಡ್ಡಿನ ಸೋಪು, ಬಿಸ್ಕತ್ತು, ಹೊಸ ತಗಡು ಆ ಜಿಲ್ಲೆಯ ಲೆಕ್ಕಕ್ಕೆ.
ಕೆಮ್ಮಿಗೊಂದು ಕಾಲಂ ಹುಡುಕಿದೆ.
ಇರಲಿಲ್ಲ.

ಮೂರನೆಯ ಬಾಗಿಲು ತೆರೆದವಳು ಶಮ್ಸುನ್ನಿಸಾ.
ನೆಲದ ಮೇಲಿನ ಲಿವರುಗಳ ರಾಶಿ ಸರಿಸಿ
ನನ್ನಷ್ಟೇ ಅಗಲದ ಜಾಗ ಮಾಡಿಕೊಟ್ಟಳು.
ಮನೆಯಲ್ಲಿ ದುಡಿಯುವವರು?
“ಅವರೊಬ್ಬರೇ. ನಿಕಲ್ ತೊಟ್ಟಿಯ ಕೆಲಸ, ದಿನಗೂಲಿ.”
ನೀವು?
“ನಾನೇನು ಮಾಡ್ತೀನಿ ಬೆಹನ್, ಮನೇಲೇ ಇರ್ತೀನಿ.”
ಎನ್ನುತ್ತ, ಬೀಗದ ಹೊಟ್ಟೆಗೆ ನಾಲ್ಕು ಲಿವರು ಕೂರಿಸಿ
ಸ್ಪ್ರಿಂಗು ಒತ್ತಿ, ಮುಚ್ಚಳ ಬಡಿದು,
ಕಿವಿಯ ಹತ್ತಿರ ಹಿಡಿದು ಅಲುಗಿಸಿ
ಎಡಕ್ಕಿಟ್ಟಳು.

ಮನೆಗೆಲಸ ಮಾತ್ರ: ಕೋಡ್ ತೊಂಬತ್ತೆರಡು.
ಅದನ್ನು ಒತ್ತಿದರೆ ಮುಂದಿನ ಪ್ರಶ್ನೆಗಳೆಲ್ಲ
ತಾವಾಗಿ ಹಾರಿಹೋಗುತ್ತವೆ,
ನಾಲ್ಕೂವರೆಯ ರೈಲು ಸಿಗುತ್ತದೆ.
ಆಟಕ್ಕುಂಟು, ಲೆಕ್ಕಕ್ಕಿಲ್ಲ.
ನನ್ನ ಬೆರಳು ಹೋಗಿತ್ತು ಅಲ್ಲಿಯವರೆಗೆ.
ಯಾಕೋ ಹನ್ನೊಂದು ಒತ್ತಿದೆ: ಸ್ವಂತ ದುಡಿಮೆ.
ಕೂಡಲೇ ಟ್ಯಾಬ್ಲೆಟ್ಟು ಬಾಯಿಬಿಟ್ಟಿತು:
ದರ ಎಷ್ಟು? ದಿನಕ್ಕೆ ಎಷ್ಟು ಗಂಟೆ?

ಅವಳು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು.
“ಡಜನ್ನಿಗೆ ಮೂರು ರೂಪಾಯಿ. ಬರೀಬೇಡಿ.
ಆದಾಯ ಅಂತ ಬಿದ್ದರೆ ರೇಷನ್ ಕಾರ್ಡು ಹೋಗುತ್ತೆ.”
ಇದಕ್ಕೂ ಅದಕ್ಕೂ ಸಂಬಂಧ ಇಲ್ಲ ಎಂದೆ.
“ಹೋದ ಸಲ ಬಂದವರೂ ಹಾಗೇ ಅಂದಿದ್ದರು.”
ಅಂದವಳ ಮುಖದಲ್ಲಿ ಸಿಟ್ಟಿರಲಿಲ್ಲ,
ಮಳೆ ಬರಬಹುದು ಎನ್ನುವ ಹಾಗೆ ಅಂದಳು.

ಲಖನೌದ ಪರದೆಯ ಮೇಲೆ ರಾಜ್ಯ ಬೆಳೆಯುತ್ತದೆ,
ಮೆಟ್ಟಿಲು ಮೆಟ್ಟಿಲು ನೀಲಿ ಕಂಬ.
ಸುಳ್ಳೆಂದು ನಾನು ಹೇಳಲಾರೆ: ಗಲ್ಲಿಗೆ ಕರೆಂಟು ಬಂದಿದೆ,
ಮಗಳು ಸುಂಬುಲ್ ಕಾಲೇಜಿಗೆ ಹೋಗುತ್ತಾಳೆ,
ಗೋಡೆಯಲ್ಲಿ ಎರಡು ಫೋನು ಚಾರ್ಜಿಗಿವೆ.
ಆ ಕಾಲೇಜಿನ ಫೀಸು ಎಲ್ಲಿಂದ ಬಂತು ಎಂದು
ಯಾವ ಕಂಬವೂ ಹೇಳುವುದಿಲ್ಲ.
ಇವಳೂ ಹೇಳಬಾರದಂತೆ.

ಹಿಂದಕ್ಕೆ ಹೋದೆ. ಹನ್ನೊಂದನ್ನು ಅಳಿಸಿದೆ.
ತೊಂಬತ್ತೆರಡು.
ಪ್ರಶ್ನೆಗಳು ಗುಬ್ಬಿಗಳ ಹಾಗೆ ಎದ್ದುಹೋದವು.
ಅವಳು ನಿಟ್ಟುಸಿರಿಟ್ಟು ಚಹಾ ತಂದಳು,
ನಾನು ಬೇಡವೆನ್ನಲಿಲ್ಲ.

ಕೂತ ಹೊತ್ತಿನಿಂದ ನನ್ನಷ್ಟಕ್ಕೆ ಎಣಿಸುತ್ತಿದ್ದೆ:
ಅರವತ್ತೊಂದು ಬೀಗ.
ಐದು ಡಜನ್, ಹದಿನೈದು ರೂಪಾಯಿ.
ಉಳಿದ ಒಂದನ್ನು ಅವಳು
ನಾಳೆಯ ಡಜನ್ನಿಗೆಂದು
ಕಿಟಕಿಯ ಮೇಲಿಟ್ಟಳು.