ಮಾನಮಿ ಅಮಾಸಿ, ಜೋಡಭಾವಿ ಪೇಠ

ಎಡಿಗೆ ಏನು ಮಾಡೂದು ಅಂತ
ಮುಂಜಾನಿ ಏಳರಿಂದ ನಡದೈತಿ ಪಂಚಾಯ್ತಿ.
ಇದು ಅಪ್ಪನ ಮೂರನೇ ಮಾನಮಿ.
ಅವಗ ಏನು ಸೇರತಿತ್ತು ಅನ್ನೂದರಾಗ
ಮೂರು ಮಕ್ಕಳದು ಇನ್ನೂ ಒಂದು ಮಾತಿಲ್ಲ.

ಅಕ್ಕ ಶಾವಂತ್ರಿ ಜತ್ತದ ಬಸ್ಸಿನಿಂದ ಇಳದು
ಚೀಲ ಕೆಳಗ ಇಡೂದರಾಗ ಹೇಳಿದಳು:
ಕಟಕ ರೊಟ್ಟಿ, ಹಸಿ ಉಳ್ಳಾಗಡ್ಡಿ,
ಶೇಂಗಾ ಹಿಂಡಿ ಮ್ಯಾಲೆ ಒಂದು ಹನಿ ಹಸಿ ಎಣ್ಣಿ.
ಅಷ್ಟ. ಸಿಹಿ ಕಂಡ್ರ ಮಾರಿ ತಿರುವತಿದ್ದ.

ಸುಳ್ಳು, ಅಂದ ಅಣ್ಣ ಇರಸಂಗಪ್ಪ,
ಬರೇ ಬನೀನಿನ ಮ್ಯಾಲೆ, ಬಾಯಾಗ ಇನ್ನೂ ಬ್ರಶ್ಶು.
ಪಗಾರದ ದಿನ ರಾತ್ರಿ ಪಾಳಿ ಬಿಟ್ಟು ಬಂದು
ನನ್ನೊಬ್ಬನ್ನ ಎಬ್ಬಸತಿದ್ದ.
ಹೊರಗ ಕಟ್ಟೀ ಮ್ಯಾಲೆ ಕುಂಡ್ರಿಸಿ
ಕಾಗದ ಬಿಚ್ಚತಿದ್ದ. ಜಿಲೇಬಿ.
ಇಬ್ಬರೂ ತಿಂದ ಮ್ಯಾಲೆ ಕಾಗದಾನೂ ನೆಕ್ಕತಿದ್ದ.
ಯಾರ ಮುಂದೂ ಹೇಳಬ್ಯಾಡ ಅಂದಿದ್ದ.
ನಲವತ್ತು ವರ್ಷ ಹೇಳಿಲ್ಲ ನೋಡು.

ಅಕ್ಕನ ಕೈ ಹಿಟ್ಟಿನೊಳಗ ನಿಂತಿತು.
ಆ ಬಾಗಿಲದ ಒಳಮಗ್ಗಲಕ್ಕ
ಹನ್ನೊಂದು ವರ್ಷದಾಕಿ, ಎಚ್ಚರಿದ್ದಳು.
ಪರಪರ ಸಪ್ಪಳ ಕೇಳತಿತ್ತು ನನಗ, ಅಂದಳು.
ಇಲಿ ಅಂತ ತಿಳದಿದ್ದೆ.

ನಾನು ಕಡೀದಾಕಿ.
ಗಿರಣಿ ಭೋಂಗಾ ಕೇಳದಾಕಿ.
ನನಗ ಸಿಕ್ಕ ಅಪ್ಪ ಬ್ಯಾರೆ:
ಚಾದರ ಕಾರಖಾನಿಯೊಳಗ ಮಗ್ಗ
ಅವನ ಎರಡೂ ಕಿವಿ ತಿಂದು ಮುಗಿಸಿತ್ತು.
ಅಪ್ಪನ ಕೂಡ ಗುಟ್ಟು ಮಾತಾಡಿದ್ದು ಅಣ್ಣಗ ನೆನಪೈತಿ.
ನನಗ ನೆನಪಿರೂದು
ಒಂದೊಂದು ಮಾತೂ ಓಣಿಗೆಲ್ಲಾ ಕೇಳೂ ಹಂಗ ಒದರಿದ್ದು.
ಶಾಳಿ ಫೀ. ಹೊಟ್ಟೀನೋವು. ಎಲ್ಲಾ.

ರೇಡಿಯೋ, ಅಂದೆ.
ಅವಗ ಸೇರತಿದ್ದದ್ದು ರೇಡಿಯೋ.
ಇಬ್ಬರೂ ನಕ್ಕರು. ಕಿವುಡಗ ರೇಡಿಯೋ!
ಹೌದು. ಹೊತ್ತು ಮುಳುಗಿದ ಮ್ಯಾಲೆ ಅಂಗಾತ ಮಲಗಿ
ಎದಿ ಮ್ಯಾಲೆ ಇಟಗೋತಿದ್ದ, ಮ್ಯಾಲೆ ಎರಡೂ ಅಂಗೈ.
ಮರಾಠಿ ಬಾತಮಿ, ಕನ್ನಡ ಪದ,
ನಡುವ ಬರೇ ಕರಕರ, ತೆಲುಗಿನ ಯಾವದೋ ಊರು,
ಎಲ್ಲಾದಕ್ಕೂ ಒಂದೇ ಸವನ ಮಲಗಿರತಿದ್ದ.
ನಿದ್ದಿ ಹತ್ತೇತಿ ಅಂತ ನಾ ಬಂದು ಬಂದ್ ಮಾಡಿದ್ರ
ಕಣ್ಣು ತೆರದು ಕೇಳತಿದ್ದ:
ಮುಗೀತೇನು?

ಬಾಜೂ ಮನಿ ಅಂಬವ್ವ ಕಾಕು
ಸಕ್ರಿ ಕೇಳಾಕ ಬಂದಾಕಿ ನಡುವ ಬಾಯಿ ಹಾಕಿದಳು:
ತಂದಿ ಅಂದ್ರ ಹಂಗ ತಂಗೀ,
ತಾ ಉಪವಾಸ ಇದ್ದು ಮಕ್ಕಳಿಗೆ ಉಣಸತಾನ.
ನಮ್ಮ ಮೂವರಿಗೂ ಒಮ್ಮೆಲೆ ಸಿಟ್ಟು ಬಂತು.
ಎಲ್ಲಿ ಉಪವಾಸ? ಅಂದಳು ಅಕ್ಕ.
ಸಾರು ಆರಿದ್ರ ತಾಟು ತಗದು ಅಂಗಳಕ್ಕ ಒಗೀತಿದ್ದ.
ಹೌದು, ಅಂದ ಅಣ್ಣ. ಹೌದು, ಅಂದೆ ನಾ.
ಮುಂಜಾನಿಯಿಂದ ಅದೊಂದ ಮಾತಿಗೆ
ಮೂರೂ ಮಂದಿ ಹೂಂ ಅಂದಿದ್ದು.
ಹಿತ್ತಾಳಿ ತಾಟಿನ ಅಂಚಿನ ನೆಗ್ಗು ಇನ್ನೂ ಐತಿ,
ಅದರಾಗ ಈಗ ಅಕ್ಕ ಹಿಟ್ಟು ನಾದಾಕತ್ತಾಳ.

ಅವ್ವಾ, ನೀನರ ಹೇಳು.
ಅವ್ವ ಶೇಂಗಾ ಸುಲಿಯೂದು ಬಿಡಲಿಲ್ಲ.
ನಾ ಕೇಳಿದ್ದಿಲ್ಲ, ಅಂದಳು.
ಅವರೂ ಹೇಳಿದ್ದಿಲ್ಲ.

ಅಣ್ಣನ ಮಗ ಜಿಲೇಬಿಗೆ ಹೋದ.
ಬರೂಮುಂದ ರೇಡಿಯೋಕ್ಕ ಎರಡು ಸೆಲ್ಲು ತಾ ಅಂದೆ,
ಯಾರೂ ಬ್ಯಾಡ ಅನ್ನಲಿಲ್ಲ.
ಅಕ್ಕ ರೊಟ್ಟಿ ಬಡದಳು, ಬೇಕಾದ್ದಕ್ಕಿಂತ ಜೋರಾಗಿ.

ಎಲ್ಲಾ ಆದ ಮ್ಯಾಲೆ ಅವ್ವ
ಟ್ರಂಕಿನಿಂದ ಅವನ ಚಾದರ ತಂದಳು,
ಕಡೀ ವರ್ಷ ತನಗಂತ ಹೇಳಿ ನೇಯ್ದದ್ದು.
ಫೋಟೋದ ಮುಂದ ಹಾಸಬೇಕು.
ಈ ಕಡೆ ಕೆಂಪಿನ ಮ್ಯಾಲೆ ಹಸರು ನವಿಲು,
ಹೊಳ್ಳಿಸಿದ್ರ ಹಸರಿನ ಮ್ಯಾಲೆ ಕೆಂಪು.
ಒಂದೇ ನೂಲು, ಎರಡೂ ಕಡೆ ನೇಯ್ಗಿ,
ಹಿಂಬದಿ ಅನ್ನೂದು ಎಲ್ಲೂ ಇಲ್ಲ.

ಯಾವದು ಮ್ಯಾಲೆ ಇಡಲಿ? ಅಂದಳು.

ಕೆಂಪು, ಅಂದಳು ಅಕ್ಕ.
ಹಸರು, ಅಂದ ಅಣ್ಣ, ಅವಗ ಹಸರಂದ್ರ ಜೀವ.
ನಾ ಬಾಯಿ ತೆರದೆ.

ಒಲಿಯಿಂದ ಇಳಿಸಿಟ್ಟ ಸಾರು
ಆರಾಕತ್ತಿತ್ತು.